ಫೀಡ್ ರೀಡರ್‌ಗಳನ್ನು ಬಳಸಿ ನೋಡಿ ಆರಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತಪ್ಪದೆ ಓದಬೇಕೆನಿಸುವ ಬ್ಲಾಗುಗಳು ನಾಲ್ಕೈದಷ್ಟೇ ಇದ್ದಾಗ ಅವುಗಳ ಹೆಸರು ನೆನಪಿನಲ್ಲಿರುತ್ತದೆ. ಇಪ್ಪತ್ತಾದ ಮೇಲೆ ಬುಕ್‌ಮಾರ್ಕ್ ಪಟ್ಟಿ ಬೇಕಾಗುತ್ತದೆ, ಐವತ್ತಾಗುವ ಹೊತ್ತಿಗೆ ಆ ಪಟ್ಟಿಯನ್ನು ತೆರೆದು ನೋಡುವುದೇ ನಿಂತುಹೋಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಬರೆಯುವ ಒಳ್ಳೆಯ ಬರಹಗಾರರ ತಾಣಕ್ಕೆ ಐದಾರು ಸಲ ಹೋಗಿ, ಹೊಸದೇನೂ ಇಲ್ಲವೆಂದು ಮರಳಿ, ಕೊನೆಗೆ ಹೋಗುವುದನ್ನೇ ಬಿಟ್ಟಾಗ ಅವರ ಹೊಸ ಬರಹ ಪ್ರಕಟವಾಗಿರುತ್ತದೆ, ನಮಗೆ ತಿಳಿದಿರುವುದಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಅವರನ್ನು ಹಿಂಬಾಲಿಸಿದರೂ ಯಾವುದು ನಮ್ಮ ಕಣ್ಣಿಗೆ ಬೀಳಬೇಕು, ಯಾವುದು ಬೀಳಬಾರದು ಎಂಬುದನ್ನು ಆ ಜಾಲತಾಣದ ಲೆಕ್ಕಾಚಾರವೇ ತೀರ್ಮಾನಿಸುತ್ತದೆ.

ಫೀಡ್ ರೀಡರ್ ಎನ್ನುವುದು ನಾವು ಆರಿಸಿದ ತಾಣಗಳಿಗೆ ತಾನೇ ಆಗಾಗ ಹೋಗಿ, ಹೊಸ ಬರಹಗಳನ್ನು ತಂದು, ಪ್ರಕಟವಾದ ಕ್ರಮದಲ್ಲಿ ಒಂದೇ ಕಡೆ ಜೋಡಿಸಿಡುವ ತಂತ್ರಾಂಶ. ಇಂಥವು ಹಲವಾರಿವೆ, ಹಾಗಾಗಿ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಹೊಗಳಿಕೆ ತೆಗಳಿಕೆಗಳನ್ನು ಓದಿ ತೀರ್ಮಾನಿಸಲು ಹೋಗಬೇಡಿ. ಒಂದೇ ಪಟ್ಟಿಯನ್ನು ಎರಡು ಅಥವಾ ಮೂರು ರೀಡರ್‌ಗಳಲ್ಲಿ ಹಾಕಿ, ಎರಡು ವಾರ ಓದಿ, ಯಾವುದನ್ನು ನೀವು ನಿಜವಾಗಿ ತೆರೆಯುತ್ತೀರೋ ಅದನ್ನು ಉಳಿಸಿಕೊಳ್ಳಿ. ರೀಡರ್ ಇಂದು ಇದ್ದು ನಾಳೆ ಬದಲಾಗಬಹುದು. ತಾಣಗಳ ಪಟ್ಟಿ ಮಾತ್ರ ನಿಮ್ಮದಾಗಿಯೇ ಉಳಿಯಬೇಕು. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಈ ಮಾತನ್ನೇ ಆಧರಿಸಿವೆ.

ಮೊದಲು ತಿಳಿಯಬೇಕಾದದ್ದು: ಫೀಡ್‌ನೊಳಗೆ ಏನಿರುತ್ತದೆ

ಫೀಡ್ ಎಂದರೆ ಜಾಲತಾಣವೊಂದು ತನ್ನ ಇತ್ತೀಚಿನ ಬರಹಗಳ ವಿವರವನ್ನು ಯಂತ್ರಗಳು ಓದುವಂತೆ ಬರೆದಿಡುವ ಒಂದು ಕಡತ. ಅದನ್ನು ಬಿಡಿಸಿ ನೋಡಿದರೆ ಮೇಲ್ಗಡೆ ತಾಣದ ಹೆಸರು, ವಿಳಾಸ ಇರುತ್ತವೆ. ಕೆಳಗೆ ಒಂದೊಂದು ಬರಹಕ್ಕೂ ಒಂದೊಂದು ತುಣುಕು ಇರುತ್ತದೆ. ಅದರಲ್ಲಿ ಶೀರ್ಷಿಕೆ, ಬರಹದ ಕೊಂಡಿ, ಪ್ರಕಟವಾದ ದಿನ ಮತ್ತು ಸಮಯ, ಸಾರಾಂಶ ಅಥವಾ ಪೂರ್ತಿ ಪಠ್ಯ, ಜೊತೆಗೆ ಆ ಬರಹವನ್ನು ಉಳಿದೆಲ್ಲವುಗಳಿಂದ ಬೇರ್ಪಡಿಸುವ ಒಂದು ಗುರುತು ಇರುತ್ತವೆ. ಈ ಗುರುತನ್ನು ನೋಡಿಯೇ ರೀಡರ್ ‘ಇದು ಹೊಸದು, ಇದು ಈಗಾಗಲೇ ತೋರಿಸಿದ್ದು’ ಎಂದು ತೀರ್ಮಾನಿಸುತ್ತದೆ. ಯಾವುದೋ ಬ್ಲಾಗ್ ತನ್ನ ತಂತ್ರಾಂಶವನ್ನು ಬದಲಿಸಿದ ಮರುದಿನ, ವರ್ಷದ ಹಿಂದೆ ಓದಿ ಮುಗಿಸಿದ ಹತ್ತು ಬರಹಗಳು ಮತ್ತೆ ಓದದವುಗಳ ಸಾಲಿಗೆ ಬಂದು ಕುಳಿತಿದ್ದರೆ ಅದಕ್ಕೆ ಸಾಮಾನ್ಯವಾಗಿ ಈ ಗುರುತುಗಳು ಬದಲಾದದ್ದೇ ಕಾರಣ. ರೀಡರ್ ಕೆಟ್ಟಿದೆ ಎಂದು ಅಳಿಸಬೇಕಾಗಿಲ್ಲ.

ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿ 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿತು, ಅದರ 2.0 ಆವೃತ್ತಿ 2002ರಲ್ಲಿ ಬಂತು. ಆಟಮ್ ಎಂಬ ಮತ್ತೊಂದು ಮಾದರಿ 2005ರ ಡಿಸೆಂಬರ್‌ನಲ್ಲಿ ಅಂತರ್ಜಾಲ ಮಾನಕವಾಗಿ ಪ್ರಕಟವಾಯಿತು. ಇಂದಿನ ರೀಡರ್‌ಗಳು ಇವೆರಡನ್ನೂ ಓದುತ್ತವೆ, ಆದ್ದರಿಂದ ಒಂದು ತಾಣ ಎರಡನ್ನೂ ಕೊಟ್ಟಿದ್ದರೆ ಯಾವುದನ್ನು ಸೇರಿಸಿದರೂ ಆದೀತು. ಎರಡನ್ನೂ ಸೇರಿಸಿದರೆ ಮಾತ್ರ ಪ್ರತಿ ಬರಹವೂ ಎರಡೆರಡು ಸಲ ಬರುತ್ತದೆ. ಪಾಡ್‌ಕಾಸ್ಟ್ ಆ್ಯಪ್‌ಗಳು ಹೊಸ ಕಂತುಗಳನ್ನು ತರುವುದೂ ಇದೇ ಆರ್‌ಎಸ್‌ಎಸ್ ಮೂಲಕವೇ. ತಿಳಿಯದೆಯೇ ಈ ವ್ಯವಸ್ಥೆಯನ್ನು ಬಳಸುತ್ತಿರುವವರು ಬಹಳ ಮಂದಿ ಇದ್ದಾರೆ.

ಹಂತ 1: ಪ್ರಯೋಗಕ್ಕೆ ಒಂದು ಚಿಕ್ಕ ಪಟ್ಟಿ ಮಾಡಿಕೊಳ್ಳಿ

ಮೊದಲ ಸಲ ರೀಡರ್ ಹಾಕಿಕೊಂಡಾಗ ಉತ್ಸಾಹದಲ್ಲಿ ನಾನು ಒಂದೇ ಸಂಜೆ ನೂರಕ್ಕೂ ಹೆಚ್ಚು ತಾಣಗಳನ್ನು ಸೇರಿಸಿದ್ದೆ. ಒಂದು ವಾರದೊಳಗೆ ಓದದ ಬರಹಗಳ ಸಂಖ್ಯೆ ಸಾವಿರ ದಾಟಿತು, ಹತ್ತನೆಯ ದಿನದಿಂದ ಅದನ್ನು ತೆರೆಯುವ ಮನಸ್ಸೇ ಬರಲಿಲ್ಲ. ಹಾಗಾಗಿ ಹನ್ನೆರಡರಿಂದ ಹದಿನೈದು ತಾಣಗಳಿಗೆ ನಿಲ್ಲಿಸಿ ಎಂದು ಒತ್ತಿ ಹೇಳುತ್ತೇನೆ.

ಈ ಹದಿನೈದೂ ಒಂದೇ ಬಗೆಯವಾಗಿರಬಾರದು. ಅಪರೂಪಕ್ಕೆ ಬರೆಯುವ ಐದಾರು ವೈಯಕ್ತಿಕ ಬ್ಲಾಗುಗಳು, ವಾರಕ್ಕೆ ಎರಡು ಮೂರು ಬರಹ ಪ್ರಕಟಿಸುವ ನಾಲ್ಕೈದು ತಾಣಗಳು, ದಿನಕ್ಕೆ ಹತ್ತಾರು ಬರಹ ಸುರಿಸುವ ಒಂದು ಸುದ್ದಿತಾಣ, ಚಿತ್ರಗಳೇ ಮುಖ್ಯವಾಗಿರುವ ಒಂದು ತಾಣ, ಒಂದು ಯೂಟ್ಯೂಬ್ ಚಾನೆಲ್, ಕನ್ನಡದಲ್ಲಿ ಬರೆಯುವ ಎರಡು ತಾಣಗಳು ಇರಲಿ. ಇಂಥ ಮಿಶ್ರಣದಲ್ಲಿ ಮಾತ್ರ ರೀಡರ್‌ನ ಸಾಮರ್ಥ್ಯವೂ ಕೊರತೆಯೂ ಹೊರಬರುತ್ತವೆ. ದಿನಕ್ಕೆ ನಲವತ್ತು ಬರಹಗಳ ನಡುವೆ ತಿಂಗಳಿಗೊಂದು ಬರುವ ಬರಹ ಕಳೆದುಹೋಗುವುದೋ ಉಳಿಯುವುದೋ ಎಂಬುದೇ ಒಂದು ಒಳ್ಳೆಯ ಪರೀಕ್ಷೆ.

ಹಂತ 2: ಫೀಡ್‌ನ ವಿಳಾಸವನ್ನು ಕಂಡುಹಿಡಿಯಿರಿ

ಹೊಸಬರು ಹೆಚ್ಚಾಗಿ ಸೋತು ಕೈಬಿಡುವುದು ಈ ಹಂತದಲ್ಲಿ. ಹಿಂದೆ ಬ್ರೌಸರ್‌ಗಳೇ ಫೀಡ್ ಇರುವುದನ್ನು ತೋರಿಸುತ್ತಿದ್ದವು. 2018ರ ಡಿಸೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 64ನೇ ಆವೃತ್ತಿಯಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಲಾಯಿತು. ಈಗ ಫೀಡ್‌ನ ಕೊಂಡಿಯನ್ನು ಒತ್ತಿದರೆ ತೆರೆಯ ಮೇಲೆ ಸಂಕೇತಗಳ ರಾಶಿ ಕಾಣಬಹುದು, ಇಲ್ಲವೇ ಒಂದು ಕಡತ ಡೌನ್‌ಲೋಡ್ ಆಗಬಹುದು. ಎರಡೂ ಸರಿಯೇ. ನಿಮಗೆ ಬೇಕಾಗಿರುವುದು ಆ ಕೊಂಡಿಯ ವಿಳಾಸ ಮಾತ್ರ. ಅದನ್ನು ನಕಲಿಸಿಕೊಳ್ಳಿ.

ಎಲ್ಲಕ್ಕಿಂತ ಸುಲಭದ ದಾರಿಯನ್ನು ಮೊದಲು ನೋಡಿ: ತಾಣದ ಮುಖಪುಟದ ವಿಳಾಸವನ್ನೇ ರೀಡರ್‌ನ ‘ಸೇರಿಸು’ ಜಾಗದಲ್ಲಿ ಅಂಟಿಸಿ. ಫೀಡ್ ಕೊಡುವ ಹೆಚ್ಚಿನ ತಾಣಗಳು ತಮ್ಮ ಪುಟದ ತಲೆಭಾಗದಲ್ಲಿ, ಓದುಗರಿಗೆ ಕಾಣದಂತೆ, ಫೀಡ್ ಎಲ್ಲಿದೆ ಎಂಬುದನ್ನು ಬರೆದಿರುತ್ತವೆ. ಬಹುತೇಕ ರೀಡರ್‌ಗಳು ಅದನ್ನು ತಾವಾಗಿಯೇ ಹುಡುಕಿಕೊಳ್ಳುತ್ತವೆ. ಹತ್ತರಲ್ಲಿ ಏಳೆಂಟು ತಾಣಗಳ ಕೆಲಸ ಇಷ್ಟಕ್ಕೇ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಅದು ಫಲಿಸದಿದ್ದರೆ ವಿಳಾಸವನ್ನು ಊಹಿಸಬೇಕು. ತಾಣಗಳನ್ನು ಕಟ್ಟುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ನಡೆಯುವ ತಾಣಗಳಲ್ಲಿ ಮುಖಪುಟದ ವಿಳಾಸದ ಕೊನೆಗೆ ಒಂದು ಓರೆಗೆರೆ (/) ಹಾಕಿ, ಫೀಡ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಸೇರಿಸಿದರೆ ಸಾಕು. ಒಂದು ವಿಭಾಗದ ಬರಹಗಳಷ್ಟೇ ಬೇಕೆನಿಸಿದರೆ ಆ ವಿಭಾಗದ ಪುಟವನ್ನು ತೆರೆದು, ಅದರ ವಿಳಾಸದ ಕೊನೆಗೂ ಹೀಗೆಯೇ ಮಾಡಬಹುದು. ಇದು ಅನೇಕರಿಗೆ ಗೊತ್ತಿಲ್ಲದ, ಬಹಳ ಉಪಯೋಗಕ್ಕೆ ಬರುವ ವಿದ್ಯೆ. ದೊಡ್ಡ ತಾಣವೊಂದರಿಂದ ವಿಜ್ಞಾನದ ಬರಹಗಳನ್ನು ಮಾತ್ರ ತರಿಸಿಕೊಂಡು ಉಳಿದದ್ದನ್ನು ಬಾಗಿಲಲ್ಲೇ ತಡೆಯಬಹುದು. ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ ನಡೆಯುವ ತಾಣಗಳಲ್ಲಿ ಫೀಡ್ಸ್, ಪೋಸ್ಟ್ಸ್, ಡಿಫಾಲ್ಟ್ ಎಂಬ ಮೂರು ಪದಗಳನ್ನು ಅದೇ ಕ್ರಮದಲ್ಲಿ, ಪ್ರತಿಯೊಂದರ ಹಿಂದೆಯೂ ಓರೆಗೆರೆ ಇಟ್ಟು, ಸಣ್ಣಕ್ಷರಗಳಲ್ಲಿ ಬರೆಯಬೇಕು. ಬರಹಗಳನ್ನು ಮಿಂಚಂಚೆಯಲ್ಲಿ ಕಳುಹಿಸುವ ಸಬ್‌ಸ್ಟ್ಯಾಕ್ ಸೇವೆಯಲ್ಲಿಯೂ ವರ್ಡ್‌ಪ್ರೆಸ್‌ನಂತೆ ಕೊನೆಗೆ ಫೀಡ್ ಎಂದು ಸೇರಿಸಿದರಾಯಿತು. ಮಾಸ್ಟಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿ ವ್ಯಕ್ತಿಯ ಪುಟದ ವಿಳಾಸಕ್ಕೆ ಒಂದು ಚುಕ್ಕಿ ಇಟ್ಟು ಆರ್‌ಎಸ್‌ಎಸ್ ಎಂಬ ಇಂಗ್ಲಿಷಿನ ಮೂರಕ್ಷರ ಬರೆದರೆ ಅವರ ಬರಹಗಳ ಫೀಡ್ ಸಿಗುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ, ಚಾನೆಲ್ ಪುಟದ ವಿಳಾಸ ಕೊಟ್ಟರೆ ಅನೇಕ ರೀಡರ್‌ಗಳು ಅದನ್ನು ಹುಡುಕಿಕೊಳ್ಳುತ್ತವೆ.

ಇದೂ ಆಗದಿದ್ದರೆ ಕಂಪ್ಯೂಟರ್ ಬ್ರೌಸರ್‌ನಲ್ಲಿ ತಾಣವನ್ನು ತೆರೆದು, ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ, ಪುಟದ ಮೂಲ ಸಂಕೇತವನ್ನು ನೋಡಿ. ಅಲ್ಲಿ ಆರ್‌ಎಸ್‌ಎಸ್ ಅಥವಾ ಆಟಮ್ ಎಂಬ ಪದವನ್ನು ಹುಡುಕಿದರೆ, ಫೀಡ್ ಇದ್ದಲ್ಲಿ ಅದರ ವಿಳಾಸ ಆ ಸಾಲಿನಲ್ಲೇ ಸಿಗುತ್ತದೆ. ಎಲ್ಲಿಯೂ ಸಿಗದಿದ್ದರೆ ಆ ತಾಣಕ್ಕೆ ಫೀಡ್ ಇಲ್ಲವೆಂದೇ ತಿಳಿಯಿರಿ. ತಾಣದವರಿಗೆ ಒಂದು ಮಿಂಚಂಚೆ ಬರೆದು ಕೇಳಿ ನೋಡಿ. ಸಣ್ಣ ಬ್ಲಾಗುಗಳನ್ನು ನಡೆಸುವವರಿಗೆ ತಮ್ಮ ಫೀಡ್ ಕೆಟ್ಟಿರುವುದು ಗೊತ್ತೇ ಇರುವುದಿಲ್ಲ, ಹೇಳಿದರೆ ಸಂತೋಷದಿಂದ ಸರಿಪಡಿಸುತ್ತಾರೆ.

ಹಂತ 3: ಯಾವ ಬಗೆಯ ರೀಡರ್ ಎಂಬುದನ್ನು ಯೋಚಿಸಿ

ರೀಡರ್‌ಗಳಲ್ಲಿ ನೂರು ಹೆಸರುಗಳಿದ್ದರೂ ಬಗೆಗಳು ಕೆಲವೇ. ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್, ದಿ ಓಲ್ಡ್ ರೀಡರ್ ಇವು ಜಾಲದಲ್ಲಿ ನಡೆಯುವ ಸೇವೆಗಳು. ಖಾತೆ ತೆರೆದರೆ ಯಾವ ಸಾಧನದಿಂದಲಾದರೂ ಓದಬಹುದು, ಒಂದರಲ್ಲಿ ಓದಿದ್ದು ಇನ್ನೊಂದರಲ್ಲಿಯೂ ಓದಿದ್ದೆಂದೇ ಕಾಣುತ್ತದೆ. ಇವುಗಳ ಉಚಿತ ಖಾತೆಗಳಿಗೆ ತಾಣಗಳ ಮಿತಿ ಇರುತ್ತದೆ. ಫೀಡ್ಲಿಯಲ್ಲಿ 100, ನ್ಯೂಸ್‌ಬ್ಲರ್‌ನಲ್ಲಿ 64 ಎಂಬ ಮಿತಿಗಳು ಬಹುಕಾಲದಿಂದ ಇವೆ. ಹದಿನೈದು ತಾಣಗಳ ಪ್ರಯೋಗಕ್ಕೆ ಇದು ಧಾರಾಳವಾಗಿ ಸಾಕು.

ಎರಡನೆಯ ಬಗೆ ನಿಮ್ಮ ಸಾಧನದಲ್ಲೇ ಇರುವ ಆ್ಯಪ್‌ಗಳದು. ಮ್ಯಾಕ್ ಮತ್ತು ಐಫೋನ್‌ಗಳಿಗೆ ನೆಟ್‌ನ್ಯೂಸ್‌ವೈರ್ ಇದೆ. ಅದು 2002ರಿಂದಲೂ ಇರುವ, ಈಗ ಉಚಿತವೂ ಮುಕ್ತ (ಮೂಲ ಸಂಕೇತ ಎಲ್ಲರಿಗೂ ತೆರೆದಿರುವ) ತಂತ್ರಾಂಶವೂ ಆಗಿರುವ ರೀಡರ್. ಆಂಡ್ರಾಯ್ಡ್‌ಗೆ ಫೀಡರ್ ಎಂಬ ಮುಕ್ತ ತಂತ್ರಾಂಶವಿದೆ, ಅದಕ್ಕೆ ಖಾತೆಯ ಅಗತ್ಯವಿಲ್ಲ. ಲಿನಕ್ಸ್‌ನಲ್ಲಿ ಲೈಫ್‌ರಿಯಾ ಮತ್ತು ಅಕ್ರೆಗೇಟರ್ ಇವೆ. ಮಿಂಚಂಚೆಗೆ ಥಂಡರ್‌ಬರ್ಡ್ ಬಳಸುವವರು ಬೇರೇನನ್ನೂ ಹಾಕಿಕೊಳ್ಳಬೇಕಾಗಿಲ್ಲ, ಅದರಲ್ಲೇ ಫೀಡ್ ಓದುವ ವ್ಯವಸ್ಥೆ ಇದೆ.

ಮೂರನೆಯದು ನಿಮ್ಮದೇ ಸರ್ವರ್‌ನಲ್ಲಿ ನಡೆಸುವ ಫ್ರೆಶ್‌ಆರ್‌ಎಸ್‌ಎಸ್, ಮಿನಿಫ್ಲಕ್ಸ್‌ನಂಥವು. ಸರ್ವರ್ ನೋಡಿಕೊಳ್ಳುವ ಅಭ್ಯಾಸ ಈಗಾಗಲೇ ಇದ್ದವರಿಗೆ ಇವು ಬಹಳ ಹಿಡಿಸುತ್ತವೆ. ಇಲ್ಲದವರು ಮೊದಲ ಪ್ರಯೋಗಕ್ಕೆ ಇವನ್ನು ಆರಿಸಬೇಡಿ.

ಈ ಬಗೆಗಳ ನಡುವಿನ ನಿಜವಾದ ವ್ಯತ್ಯಾಸ ಹೊರನೋಟದಲ್ಲಿ ಕಾಣುವಂಥದ್ದಲ್ಲ. ಫೀಡ್ ಎಂಬ ಕಡತದಲ್ಲಿ ತಾಣದ ಎಲ್ಲ ಬರಹಗಳೂ ಇರುವುದಿಲ್ಲ, ಇತ್ತೀಚಿನ ಕೆಲವು ಮಾತ್ರ ಇರುತ್ತವೆ. ತಾಣದವರು ಬದಲಿಸದಿದ್ದರೆ ವರ್ಡ್‌ಪ್ರೆಸ್ ಫೀಡ್‌ನಲ್ಲಿ ಕೊನೆಯ 10 ಬರಹಗಳಿರುತ್ತವೆ, ಯೂಟ್ಯೂಬ್ ಫೀಡ್‌ನಲ್ಲಿ ಕೊನೆಯ 15 ವಿಡಿಯೊಗಳಿರುತ್ತವೆ. ಸುದ್ದಿತಾಣವೊಂದು ದಿನಕ್ಕೆ ನಲವತ್ತು ಬರಹ ಪ್ರಕಟಿಸುತ್ತಿದ್ದು, ಅದರ ಫೀಡ್‌ನಲ್ಲಿ ಇಪ್ಪತ್ತಕ್ಕೆ ಮಾತ್ರ ಜಾಗವಿದ್ದರೆ, ದಿನಕ್ಕೊಮ್ಮೆ ಮಾತ್ರ ತೆರೆಯುವ ಕಂಪ್ಯೂಟರಿನ ಆ್ಯಪ್‌ಗೆ ಅರ್ಧದಷ್ಟು ಬರಹಗಳು ಸಿಗುವುದೇ ಇಲ್ಲ. ಅವು ಬಂದು, ಹೊಸವುಗಳಿಗೆ ಜಾಗ ಬಿಟ್ಟು, ಹೋಗಿಬಿಟ್ಟಿರುತ್ತವೆ. ಜಾಲದ ಸೇವೆ ನೀವು ಮಲಗಿದ್ದಾಗಲೂ ಫೀಡ್ ನೋಡುತ್ತಿರುವುದರಿಂದ ಅವನ್ನೆಲ್ಲ ಹಿಡಿದಿಟ್ಟಿರುತ್ತದೆ. ನಿಮ್ಮ ಪಟ್ಟಿಯಲ್ಲಿ ನಿಧಾನವಾಗಿ ಬರೆಯುವ ಬ್ಲಾಗುಗಳೇ ಹೆಚ್ಚಾಗಿದ್ದರೆ ಸಾಧನದೊಳಗಿನ ಆ್ಯಪ್ ಸಾಕು, ಅದರಲ್ಲಿ ಖಾಸಗಿತನವೂ ಹೆಚ್ಚು. ಸುದ್ದಿತಾಣಗಳು ಹೆಚ್ಚಾಗಿದ್ದು ಒಂದನ್ನೂ ಬಿಡಬಾರದು ಎಂದಿದ್ದರೆ ಜಾಲದ ಸೇವೆ ಬೇಕು. ಎರಡನ್ನೂ ಕೂಡಿಸಲೂ ಸಾಧ್ಯ: ನೆಟ್‌ನ್ಯೂಸ್‌ವೈರ್‌ನಂಥ ಆ್ಯಪ್‌ಗೆ ಫೀಡ್ಲಿ ಅಥವಾ ಇನೋರೀಡರ್ ಖಾತೆಯನ್ನು ಜೋಡಿಸಿದರೆ ತರುವ ಕೆಲಸ ಸೇವೆಯದು, ತೋರಿಸುವ ಕೆಲಸ ಆ್ಯಪ್‌ನದು.

ಹಂತ 4: ಮೊದಲ ರೀಡರ್‌ನಲ್ಲಿ ಪಟ್ಟಿಯನ್ನು ಕಟ್ಟಿ

ಉದಾಹರಣೆಗೆ ಥಂಡರ್‌ಬರ್ಡ್ ತೆಗೆದುಕೊಳ್ಳೋಣ. ಫೈಲ್ ಮೆನುವಿನಲ್ಲಿ ನ್ಯೂ, ಅದರೊಳಗೆ ಫೀಡ್ ಅಕೌಂಟ್ ಎಂಬುದನ್ನು ಆರಿಸಿ, ಖಾತೆಗೊಂದು ಹೆಸರು ಕೊಡಿ. ಎಡಗಡೆಯ ಪಟ್ಟಿಯಲ್ಲಿ ಅದು ಕಾಣಿಸಿಕೊಂಡ ಮೇಲೆ ಬಲಗುಂಡಿ ಒತ್ತಿ ಚಂದಾ ನಿರ್ವಹಣೆಯ ಕಿಟಕಿಯನ್ನು ತೆರೆಯಿರಿ. ಫೀಡ್‌ನ ವಿಳಾಸವನ್ನು ಅಲ್ಲಿ ಅಂಟಿಸಿ ಆ್ಯಡ್ ಗುಂಡಿಯನ್ನು ಒತ್ತಿದರೆ, ಕೆಲವು ಕ್ಷಣಗಳಲ್ಲಿ ತಾಣದ ಹೆಸರಿನದೇ ಒಂದು ಫೋಲ್ಡರ್ ಮೂಡಿ, ಇತ್ತೀಚಿನ ಬರಹಗಳು ಅಂಚೆಯಂತೆ ಸಾಲಾಗಿ ಬಂದು ಕೂರುತ್ತವೆ. ಮೊದಲ ಫೀಡ್ ಹೀಗೆ ಬಂದು ನಿಂತದ್ದನ್ನು ನೋಡಿದವರಿಗೆ ಉಳಿದ ಹದಿನಾಲ್ಕನ್ನು ಸೇರಿಸಲು ಯಾರ ಸಹಾಯವೂ ಬೇಕಾಗುವುದಿಲ್ಲ. ಬೇರೆ ರೀಡರ್‌ಗಳಲ್ಲಿ ಗುಂಡಿಯ ಜಾಗ ಬೇರೆಯಾಗಬಹುದು, ಅಧಿಕ ಚಿಹ್ನೆಯೊಂದನ್ನು ಹುಡುಕಿದರೆ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಸೇರಿಸುವಾಗಲೇ ಫೋಲ್ಡರ್‌ಗಳನ್ನು ಮಾಡಿ. ವಿಷಯವಾರು ಫೋಲ್ಡರ್ ಮಾಡುವುದು ಎಲ್ಲರಿಗೂ ಹೊಳೆಯುವ ದಾರಿ, ಆದರೆ ಓದುವ ರೀತಿಗೆ ತಕ್ಕಂತೆ ಮಾಡುವುದು ಹೆಚ್ಚು ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ‘ಒಂದನ್ನೂ ಬಿಡಬಾರದು’, ‘ಬಿಡುವಿದ್ದಾಗ’, ‘ಶೀರ್ಷಿಕೆ ಮಾತ್ರ’ ಎಂಬ ಮೂರು ಫೋಲ್ಡರ್‌ಗಳನ್ನು ಮಾಡಿ, ಅಪರೂಪಕ್ಕೆ ಬರೆಯುವವರನ್ನು ಮೊದಲನೆಯದರಲ್ಲಿ, ಸುದ್ದಿತಾಣವನ್ನು ಕೊನೆಯದರಲ್ಲಿ ಇಡಿ. ಸಮಯವಿಲ್ಲದ ದಿನ ಮೊದಲನೆಯದನ್ನು ಮಾತ್ರ ನೋಡಿದರೆ ಆಯಿತು.

ಹಂತ 5: ಪಟ್ಟಿಯನ್ನು ಹೊರತೆಗೆದು ಎರಡನೆಯ ರೀಡರ್‌ಗೆ ಹಾಕಿ

ಹದಿನೈದು ವಿಳಾಸಗಳನ್ನು ಮತ್ತೆ ಒಂದೊಂದಾಗಿ ಅಂಟಿಸುವ ಅಗತ್ಯವಿಲ್ಲ. ಒಪಿಎಂಎಲ್ ಎಂಬ ಕಡತದ ಮಾದರಿಯನ್ನು ಹೆಚ್ಚುಕಡಿಮೆ ಎಲ್ಲ ರೀಡರ್‌ಗಳೂ ಓದಬಲ್ಲವು, ಬರೆಯಬಲ್ಲವು. ಮೊದಲ ರೀಡರ್‌ನ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಎಂಬುದನ್ನು ಹುಡುಕಿ, ಕಡತವನ್ನು ಉಳಿಸಿಕೊಂಡು, ಎರಡನೆಯದರಲ್ಲಿ ಇಂಪೋರ್ಟ್ ಮೂಲಕ ಕೊಟ್ಟರೆ ತಾಣಗಳೂ ಸಾಮಾನ್ಯವಾಗಿ ಫೋಲ್ಡರ್‌ಗಳೂ ಹಾಗೆಯೇ ಬರುತ್ತವೆ. ಥಂಡರ್‌ಬರ್ಡ್‌ನಲ್ಲಿ ಈ ಗುಂಡಿಗಳು ಮೇಲೆ ಹೇಳಿದ ಚಂದಾ ನಿರ್ವಹಣೆಯ ಕಿಟಕಿಯಲ್ಲೇ ಇವೆ. ಕಡತದಲ್ಲಿ ಹೋಗುವುದು ಪಟ್ಟಿ ಮಾತ್ರ. ಯಾವುದನ್ನು ಓದಿದ್ದೀರಿ, ಯಾವುದಕ್ಕೆ ನಕ್ಷತ್ರ ಹಾಕಿ ಉಳಿಸಿದ್ದೀರಿ ಎಂಬುದು ಅದರಲ್ಲಿ ಹೋಗುವುದಿಲ್ಲ. ಆದ್ದರಿಂದ ಮುಂದೆಂದೋ ಬೇಕಾಗುವ ಬರಹಗಳನ್ನು ರೀಡರ್‌ನ ನಕ್ಷತ್ರಗಳ ಮೇಲೆ ನಂಬಿಕೆಯಿಟ್ಟು ಬಿಡದೆ ಬೇರೆ ಕಡೆಯೂ ಉಳಿಸಿಕೊಳ್ಳಿ.

ಹಣ ಕೊಟ್ಟು ಓದುವ ತಾಣಗಳು ಚಂದಾದಾರರಿಗೆ ಪ್ರತ್ಯೇಕ ಫೀಡ್ ವಿಳಾಸ ಕೊಡುವುದುಂಟು, ಆ ವಿಳಾಸದಲ್ಲೇ ನಿಮ್ಮ ಗುಟ್ಟಿನ ಸಂಕೇತ ಅಡಗಿರುತ್ತದೆ. ಒಪಿಎಂಎಲ್ ಕಡತವನ್ನು ಯಾರೊಂದಿಗಾದರೂ ಹಂಚಿಕೊಳ್ಳುವ ಮೊದಲು ಅಂಥ ಸಾಲುಗಳನ್ನು ತೆಗೆದುಹಾಕಿ.

ಹಂತ 6: ಎರಡು ವಾರ ಓದಿ, ಇವುಗಳನ್ನು ಗಮನಿಸಿ

ಮೊದಲ ವಾರ ಒಂದು ರೀಡರ್, ಎರಡನೆಯ ವಾರ ಇನ್ನೊಂದು ಎಂದು ಹಂಚಿಕೊಳ್ಳಿ. ಒಂದೇ ದಿನ ಎರಡನ್ನೂ ತೆರೆದರೆ ಓದುವುದಕ್ಕಿಂತ ಹೋಲಿಸುವುದೇ ಹೆಚ್ಚಾಗುತ್ತದೆ.

ಮುಖ್ಯವಾಗಿ ನೋಡಬೇಕಾದದ್ದು, ಅರ್ಧಕ್ಕೇ ನಿಲ್ಲುವ ಬರಹಗಳನ್ನು ರೀಡರ್ ಹೇಗೆ ನಿಭಾಯಿಸುತ್ತದೆ ಎಂಬುದು. ಕೆಲವು ತಾಣಗಳು ಫೀಡ್‌ನಲ್ಲಿ ಪೂರ್ತಿ ಬರಹ ಕೊಡುತ್ತವೆ. ಕೆಲವು ಮೊದಲ ಪ್ಯಾರಾ ಕೊಟ್ಟು, ವಾಕ್ಯದ ನಡುವೆಯೇ ಮೂರು ಚುಕ್ಕಿ ಹಾಕಿ, ಮುಂದಕ್ಕೆ ತಮ್ಮ ತಾಣಕ್ಕೆ ಬನ್ನಿ ಎನ್ನುತ್ತವೆ. ಒಳ್ಳೆಯ ರೀಡರ್‌ಗಳಲ್ಲಿ ಮೂಲ ಪುಟಕ್ಕೆ ಹೋಗಿ ಬರಹದ ಪಠ್ಯವನ್ನಷ್ಟೇ ಎತ್ತಿ ತರುವ ಗುಂಡಿ ಇರುತ್ತದೆ. ಫೀಡರ್ ಆ್ಯಪ್‌ನಲ್ಲಿ ಒಂದೊಂದು ತಾಣಕ್ಕೂ ಬೇರೆಯಾಗಿ, ಯಾವಾಗಲೂ ಪೂರ್ತಿ ಬರಹವನ್ನೇ ತರುವಂತೆ ಹೇಳಿಡಬಹುದು. ನೆಟ್‌ನ್ಯೂಸ್‌ವೈರ್‌ನಲ್ಲಿ ಇದಕ್ಕೆ ರೀಡರ್ ವ್ಯೂ ಇದೆ. ನಿಮ್ಮ ಹದಿನೈದರಲ್ಲಿ ಐದಾರು ತಾಣಗಳು ಅರ್ಧ ಬರಹ ಕೊಡುವಂಥವಾದರೆ ಬೇರೆಲ್ಲ ಗುಣಗಳಿಗಿಂತ ಇದಕ್ಕೇ ಹೆಚ್ಚು ಬೆಲೆ ಕೊಡಿ.

ಕನ್ನಡ ಅಕ್ಷರಗಳು ಹೇಗೆ ಕಾಣುತ್ತವೆ ಎಂಬುದನ್ನು ನೋಡಿ. ಸಾಲುಗಳ ನಡುವಿನ ಅಂತರ ಕಿರಿದಾಗಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗುಲುತ್ತವೆ, ಹತ್ತು ನಿಮಿಷದಲ್ಲಿ ಕಣ್ಣು ದಣಿಯುತ್ತದೆ. ಅಕ್ಷರದ ಗಾತ್ರವನ್ನೂ ಸಾಲಿನ ಅಂತರವನ್ನೂ ಬದಲಿಸಲು ಬಿಡುವ ರೀಡರ್ ಇದ್ದರೆ ಅದನ್ನೇ ಆರಿಸಿ. ಹುಡುಕಾಟದಲ್ಲಿ ಕನ್ನಡ ಪದವೊಂದನ್ನು ಹಾಕಿ, ನಿನ್ನೆ ಓದಿದ ಬರಹ ಸಿಗುತ್ತದೆಯೇ ಎಂದೂ ನೋಡಿ.

ಓದದ ಬರಹಗಳ ಸಂಖ್ಯೆ ನಿಮ್ಮ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಗಮನಿಸಿಕೊಳ್ಳಿ. ಕೆಲವರಿಗೆ ಅದು ನೆನಪಿನ ಸಹಾಯ, ಹಲವರಿಗೆ ತೀರಿಸಬೇಕಾದ ಸಾಲದಂತೆ ಕಾಣುತ್ತದೆ. ಎರಡನೆಯ ಗುಂಪಿನವರಾದರೆ ಸಂಖ್ಯೆಯನ್ನು ಮುಚ್ಚಿಡಲು ಬರುತ್ತದೆಯೇ, ಒಂದು ವಾರಕ್ಕಿಂತ ಹಳೆಯದನ್ನೆಲ್ಲ ಒಂದೇ ಗುಂಡಿಯಲ್ಲಿ ಓದಿದ್ದೆಂದು ಗುರುತಿಸಲು ಬರುತ್ತದೆಯೇ ಎಂದು ನೋಡಿ. ಫೀಡ್ಲಿ 30 ದಿನ ದಾಟಿದ ಬರಹಗಳನ್ನು ತಾನಾಗಿಯೇ ಓದಿದ್ದೆಂದು ಗುರುತಿಸುತ್ತದೆ. ಇದು ಕೆಲವರಿಗೆ ನೆಮ್ಮದಿ ಕೊಡುತ್ತದೆ, ನಿಧಾನವಾಗಿ ಓದುವವರಿಗೆ ತೊಂದರೆ ಕೊಡುತ್ತದೆ. ನೋಟಿಫಿಕೇಶನ್‌ಗಳನ್ನು ಮಾತ್ರ ಪ್ರಯೋಗದ ಮೊದಲ ದಿನವೇ ನಿಲ್ಲಿಸಿಬಿಡಿ. ಹೊಸ ಬರಹ ಬಂದೊಡನೆ ಕೂಗಿ ಕರೆಯಬೇಕಾದ ತುರ್ತು ಬ್ಲಾಗ್ ಓದಿನಲ್ಲಿ ಇರುವುದಿಲ್ಲ.

ಹಂತ 7: ತೊಂದರೆ ಬಂದಾಗ

ಒಂದು ತಾಣದಿಂದ ಬಹಳ ದಿನ ಏನೂ ಬರದಿದ್ದರೆ ಮೂಲ ತಾಣಕ್ಕೆ ಹೋಗಿ ನೋಡಿ. ಅಲ್ಲಿ ಹೊಸ ಬರಹಗಳಿದ್ದು ರೀಡರ್‌ನಲ್ಲಿ ಇಲ್ಲದಿದ್ದರೆ ಫೀಡ್‌ನ ವಿಳಾಸ ಬದಲಾಗಿರಬಹುದು, ಎರಡನೆಯ ಹಂತದಲ್ಲಿ ಹೇಳಿದಂತೆ ಮತ್ತೆ ಹುಡುಕಿ. ಬ್ರೌಸರ್‌ನಲ್ಲಿ ಫೀಡ್ ತೆರೆಯುತ್ತದೆ, ರೀಡರ್‌ನಲ್ಲಿ ಮಾತ್ರ 403 ಎಂಬ ದೋಷ ಬರುತ್ತದೆ ಎಂದಾದರೆ, ಆ ತಾಣದ ರಕ್ಷಣಾ ವ್ಯವಸ್ಥೆ ನಿಮ್ಮ ರೀಡರನ್ನು ದಾಳಿಯ ಯಂತ್ರವೆಂದು ತಪ್ಪು ತಿಳಿದು ತಡೆಯುತ್ತಿರುವ ಸಾಧ್ಯತೆ ಹೆಚ್ಚು. ಇದನ್ನು ತಾಣದವರೇ ಸರಿಪಡಿಸಬೇಕು. ಹೊಸ ಬರಹಗಳು ಬೇಗ ಬರಲೆಂದು ಐದು ನಿಮಿಷಕ್ಕೊಮ್ಮೆ ನೋಡುವಂತೆ ರೀಡರ್‌ಗೆ ಹೇಳುವುದರಿಂದ ಇಂಥ ತಡೆಗಳು ಹೆಚ್ಚಾಗುತ್ತವೆ, ಸಣ್ಣ ತಾಣಗಳ ಸರ್ವರ್‌ಗೂ ಭಾರವಾಗುತ್ತದೆ. ಗಂಟೆಗೊಮ್ಮೆ ನೋಡಿದರೆ ಬ್ಲಾಗುಗಳ ಮಟ್ಟಿಗೆ ಬೇಕಾದಷ್ಟಾಯಿತು.

ಹಂತ 8: ಒಂದನ್ನು ಉಳಿಸಿಕೊಳ್ಳಿ, ಪಟ್ಟಿಯ ಪ್ರತಿಯನ್ನು ಕಾಪಾಡಿಕೊಳ್ಳಿ

ಎರಡು ವಾರದ ಕೊನೆಗೆ ಯಾವುದನ್ನು ಹೆಚ್ಚು ಸಲ ತೆರೆದಿರಿ ಎಂಬುದು ನಿಮಗೇ ಗೊತ್ತಿರುತ್ತದೆ. ಸೌಲಭ್ಯಗಳಲ್ಲಿ ಹಿಂದಿದ್ದರೂ ಅದನ್ನೇ ಉಳಿಸಿಕೊಳ್ಳಿ. ಇನ್ನೊಂದರ ಖಾತೆಯನ್ನು ಮುಚ್ಚಿ, ಪಟ್ಟಿಗೆ ವಾರಕ್ಕೆ ಎರಡು ಮೂರರಂತೆ ಹೊಸ ತಾಣಗಳನ್ನು ಸೇರಿಸುತ್ತಾ ಹೋಗಿ. ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ನೋಡಿ, ಓದದೇ ಸರಿಸುತ್ತಿರುವ ತಾಣಗಳನ್ನು ತೆಗೆದುಹಾಕಿ. ತಿಂಗಳುಗಟ್ಟಲೆ ಮೌನವಾಗಿರುವ ಬ್ಲಾಗುಗಳನ್ನು ಮಾತ್ರ ತೆಗೆಯಬೇಡಿ. ಅವು ಜಾಗ ಕೇಳುವುದಿಲ್ಲ, ಸದ್ದು ಮಾಡುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಅಲ್ಲೊಂದು ಹೊಸ ಬರಹ ಬಂದಿರುತ್ತದೆ. ಫೀಡ್ ರೀಡರ್ ಇಟ್ಟುಕೊಂಡದ್ದಕ್ಕೆ ನನಗೆ ಅತಿ ಹೆಚ್ಚು ಸಂತೋಷ ಸಿಕ್ಕಿರುವುದು ಇಂಥ ಬೆಳಗುಗಳಲ್ಲೇ.

ಒಂದು ಕಾಲಕ್ಕೆ ಬಹಳ ಜನ ಬಳಸುತ್ತಿದ್ದ ಗೂಗಲ್ ರೀಡರ್ 2005ರ ಅಕ್ಟೋಬರ್‌ನಲ್ಲಿ ಆರಂಭವಾಗಿತ್ತು. ಅದನ್ನು ಮುಚ್ಚುವುದಾಗಿ 2013ರ ಮಾರ್ಚ್‌ನಲ್ಲಿ ಪ್ರಕಟಿಸಿ, ಅದೇ ವರ್ಷ ಜುಲೈ 1ಕ್ಕೆ ನಿಲ್ಲಿಸಲಾಯಿತು. ತಮ್ಮ ಪಟ್ಟಿಯನ್ನು ಹೊರತೆಗೆದುಕೊಂಡಿದ್ದವರು ಬೇರೆ ರೀಡರ್‌ಗೆ ಹೋಗಿ ಓದು ಮುಂದುವರಿಸಿದರು. ಆದ್ದರಿಂದ ಪಟ್ಟಿಯಲ್ಲಿ ಬದಲಾವಣೆ ಮಾಡಿದ ತಿಂಗಳ ಕೊನೆಗೆ ಒಪಿಎಂಎಲ್ ಕಡತವನ್ನು ಹೊರತೆಗೆದು, ಹೆಸರಿನಲ್ಲಿ ಆ ದಿನದ ದಿನಾಂಕವನ್ನು ಬರೆದು, ರೀಡರ್‌ಗೆ ಸಂಬಂಧವಿಲ್ಲದ ಜಾಗದಲ್ಲಿ ಇಡಿ. ಹದಿನೈದು ತಾಣಗಳ ಕಡತ ಕೆಲವೇ ಕಿಲೋಬೈಟ್‌ಗಳಷ್ಟಿರುತ್ತದೆ, ನಿಮಗೆ ನೀವೇ ಒಂದು ಮಿಂಚಂಚೆಯಲ್ಲಿ ಕಳುಹಿಸಿಕೊಂಡರೂ ಸಾಕು.